ಹಿಟ್ಟಿನ ಡಬ್ಬಿಯ ಮೇಲಿನ ಪ್ಲೇಟು

ಈಗಿನ ಸಿನಿಮಾ ಜೋಡಿಗಳಿಗೆ ನೆಟ್ಟಗೆ ಜಗಳವಾಡಲೂ ಬರುವುದಿಲ್ಲ. ಮೊದಮೊದಲ ಮಾತಿನ ಚಿತ್ರಗಳ ಪ್ರೇಮಿಗಳು ಹಾಡಿನಲ್ಲೇ ಬೈದಾಡಿ ಮದುವೆಯಾಗುತ್ತಿದ್ದರು. ಅಂಥ ಹಾಡುಗಳ ಗ್ರಾಮಫೋನ್ ಪ್ಲೇಟು ಕೂಡಿಸುವ ಹುಚ್ಚು ನನಗೆ. ಒಂದು ಪ್ಲೇಟಿಗಾಗಿ ಹತ್ತು ವರ್ಷ ಅಲೆದು, ಕೊನೆಗೆ ಬೆಟಗೇರಿಯ ನೇಕಾರರ ಮನೆಯ ಅಜ್ಜಿಯನ್ನು ಕೇಳಿದೆ.

"ಅಮ್ಮಾರ, ಹಳೇ ಪ್ಲೇಟು ಅದಾವೇನ್ರಿ?"

ಅಜ್ಜಿ ಎರಡು ಹಿತ್ತಾಳೆ ತಾಟು ತಂದಿಟ್ಟರು.

"ಇವಲ್ರಿ, ಹಾಡೋ ಪ್ಲೇಟು."

"ಹಂಗ ಹೇಳಬಾರ್ದೇನಪಾ!" ಎಂದವರೇ ಹಿಟ್ಟಿನ ಡಬ್ಬಿಗೆ ಮುಚ್ಚಿದ್ದ ಕರೀ ಪ್ಲೇಟನ್ನು ಎತ್ತಿ ಕೊಟ್ಟರು.

ಹಿಟ್ಟು ಒರೆಸಿ ಹೆಸರು ಓದಿದೆ. ಅದೇ! ಜೊತೆಗೊಯ್ದಿದ್ದ ಗ್ರಾಮಫೋನಿನ ಮೇಲಿಟ್ಟೆ. ನಾಯಕಿ ಬೈಯತೊಡಗಿದಳು, ಅಜ್ಜಿ ಅವಳಿಗಿಂತ ಒಂದು ಬೈಗುಳ ಮುಂದಿದ್ದರು.

"ಕನ್ಯಾ ನೋಡಾಕ ಬಂದವ್ರು ಹಾಡು ಅಂದ್ರು. ಇದನ್ನ ಹಾಡಿಬಿಟ್ನಿ. ಎಲ್ಲಾರೂ ಗಾಬರಿ ಆದ್ರು. ಹುಡುಗ ಒಬ್ಬಂವ ಮಾತ್ರ ನಕ್ಕ. ಅವನ್ನ ಮಾಡ್ಕೊಂಡ್ನಿ!"