ಸುಂಕಮ್ಮನ ಮುತ್ತಲ ಎಲೆ

ಕೋಸಗಿಯ ಸುಂಕಮ್ಮನಿಗೆ ಬಾಯಿ ಜೋರು ಎಂದು ಊರೇ ಹೇಳುತ್ತದೆ. ಹೇಳಲಿ ಬಿಡಿ. ಲಂಗ ಉಟ್ಟಾಗಿನಿಂದ ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಊಟದ ಎಲೆ ಹೊಲಿದವಳು, ಗಂಡ ಸತ್ತ ಮೇಲೂ ಅದರಲ್ಲೇ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಅವಳ ಎಲೆಯಲ್ಲಿ ಉಂಡವರು ಯಾರೂ ಒಂದು ತೊಟ್ಟು ಸಾರು ನೆಲಕ್ಕೆ ಸೋರಿತು ಎಂದದ್ದಿಲ್ಲ. ಈಗ ಮದುವೆಗಳಿಗೆಲ್ಲ ಥರ್ಮಾಕೋಲ್ ತಟ್ಟೆ ಬಂದು ಅವಳ ಕಟ್ಟುಗಳು ಮೂಲೆ ಹಿಡಿದಿವೆ. ಮಗ ಗಾದಿಲಿಂಗ ಪ್ರತಿ ವರ್ಷ ಹೆಂಡತಿ ಶಿವಲಕ್ಷ್ಮಿಯನ್ನು ಕರೆದುಕೊಂಡು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾನೆ. ಈ ಸಲ ಸೊಸೆಯ ಮಡಿಲಲ್ಲಿ ಹಾಲು ಕುಡಿಯುವ ಕೂಸಿದೆ. ಆ ಘಾಟಿನಲ್ಲಿ ಅದನ್ನು ಎಲ್ಲಿ ಮಲಗಿಸಬೇಕು?

ಅದಕ್ಕೇ ಅತ್ತೆ ಸೊಸೆ ಇಬ್ಬರೂ ಆದೋನಿಯ ತರಬೇತಿಗೆ ಹೋದದ್ದು. ಕಾಡಿನ ಸರಕನ್ನು ಪರದೇಶಕ್ಕೆ ಕಳಿಸುವ ಸಂಸ್ಥೆಯೊಂದು, ತನಗೆ ಒಪ್ಪಿಗೆಯಾದ ಊರಿಗೆ ಎಲೆ ಒತ್ತುವ ಮಿಷನ್ನು, ಶೆಡ್ಡು ಕೊಡುತ್ತದಂತೆ. ಅದು ಕೋಸಗಿಗೆ ಬಂದರೆ ಶಿವಲಕ್ಷ್ಮಿ ಮನೆಯಲ್ಲೇ ಉಳಿಯಬಹುದು. ಮಾದರಿ ತನ್ನಿ ಎಂದಿದ್ದರು. ಸುಂಕಮ್ಮ ಒಳ್ಳೊಳ್ಳೆಯ ಎಲೆ ಆರಿಸಿ, ಹೊಸದಾಗಿ ಹೊಲಿದು, ಕಟ್ಟು ಕಟ್ಟಿ ತಂದು ಒಪ್ಪಿಸಿದಳು.

ಕಲ್ಯಾಣ ಮಂಟಪದಲ್ಲಿ ಆ ಸಂಸ್ಥೆಯ ಸಾಹೇಬ ಗೋಡೆಯ ಮೇಲೆ ಎರಡು ಕಂಬದ ಚಿತ್ರ ಬಿಟ್ಟ. ಎತ್ತರದ್ದು ವಿಯೆಟ್ನಾಂ, ಗಿಡ್ಡದ್ದು ನಮ್ಮ ದೇಶ. ಕಾಡಿನ ಸರಕು ಹೊರಗೆ ಮಾರಿ ಯಾರು ಎಷ್ಟು ಗಳಿಸುತ್ತಾರೆ ಅನ್ನುವುದರ ಹೋಲಿಕೆ. ನಮ್ಮದು ಯಾಕೆ ಗಿಡ್ಡ ಎಂದು ತಾನೇ ಕೇಳಿ ತಾನೇ ಹೇಳಿದ: ಅಲ್ಲಿಯ ಹೆಂಗಸರು ಚುರುಕು, ನೀವು ಮೈಗಳ್ಳರು, ನಿಮ್ಮ ಕೆಲಸಕ್ಕೆ ಅಂದವಿಲ್ಲ, ಅಳತೆಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮಾರುವ ಕೆಲಸ ಇವನದು, ಬೈಗುಳ ಹೊಲಿದವರಿಗೆ. ಸುಂಕಮ್ಮನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಸೊಸೆ ತೊಡೆ ಚಿವುಟಿದಳು.

“ಅತ್ತೀ, ಸುಮ್ಕಿರ್ರಿ. ಶೆಡ್ಡು ಕೈ ಬಿಟ್ಟು ಹೋದೀತು.”

ಕೂಸಿನ ಮುಖ ನೋಡಿ ಸಿಟ್ಟು ನುಂಗಿದಳು. ಆಗಲೇ ಕಣ್ಣಿಗೆ ಬಿದ್ದದ್ದು: ಆ ಚಿತ್ರ ಬಿಡುವ ಯಂತ್ರ ಕೂತಿದ್ದು ಅವಳ ಎಲೆಯ ಕಟ್ಟಿನ ಮೇಲೆ. ಎತ್ತರ ಸಾಲದೆಂದು ಯಾರೋ ಒತ್ತು ಕೊಟ್ಟಿದ್ದರು. ಕಟ್ಟಿದ ದಾರ ಕಟ್ಟಿದಂತೆಯೇ ಇತ್ತು. ಅದನ್ನೂ ನುಂಗಿದಳು.

ಮಧ್ಯಾಹ್ನ ಅಲ್ಲೇ ಊಟಕ್ಕೆ ಕೂರಿಸಿದರು. ಮುಂದೆ ಇಟ್ಟದ್ದು ಥರ್ಮಾಕೋಲ್ ತಟ್ಟೆ.

ಇನ್ನು ನುಂಗಲು ಏನುಳಿದಿದೆ ಹೇಳಿ? ಸುಂಕಮ್ಮ ನೆಟ್ಟಗೆ ಎದ್ದು ಹೋಗಿ ತನ್ನ ಕಟ್ಟನ್ನು ಎಳೆದುಕೊಂಡಳು. ಯಂತ್ರ ವಾಲಿತು, ಗೋಡೆಯ ಮೇಲಿದ್ದ ಎರಡು ದೇಶಗಳೂ ಜಾರಿ ನೆಲಕ್ಕೆ ಬಂದವು.

“ಸಾರ್, ನನ್ನ ಎಲಿ ಪರದೇಶಕ್ಕ ಹೋಗಲಿಲ್ಲಂತ ಬೈದ್ರಿ. ನಿಮ್ಮ ಊಟದ ಪಂಕ್ತಿ ಇಲ್ಲೇ ಮಗ್ಗಲಾಗ ಐತಿ. ಇಲ್ಲಿಗ್ಯಾಕ ಬರಲಿಲ್ಲ, ಹೇಳ್ರಿ?”

ಸಾಹೇಬ ನಕ್ಕ. ತಟ್ಟೆ ಅಡುಗೆಯವರು ತಂದದ್ದು, ತಾನೇನು ಮಾಡಲಿ ಎಂದ. ಹೇಳಿದ ಮಾತು ಕೇಳುವ ಊರಿಗೆ ಮಾತ್ರ ಶೆಡ್ಡು ಎಂದು ನಗುತ್ತಲೇ ಸೇರಿಸಿದ. ಸುಂಕಮ್ಮ ಸಾಲಿನ ಹೆಂಗಸರಿಗೆಲ್ಲ ಎಲೆ ಹಾಕುತ್ತ ಹೋದಳು. ಎಲ್ಲರೂ ತಟ್ಟೆ ಆಚೆ ತಳ್ಳಿ ಎಲೆಯಲ್ಲೇ ಉಂಡರು. ನೋಡಿ ಆ ಮಾನಗೆಟ್ಟವನನ್ನು! ಫೋನೆತ್ತಿಕೊಂಡು ಬಂದ, ವರದಿಗೆ ಫೋಟೋ ಬೇಕು, ಎಲೆ ಕಾಣಲಿ, ಸ್ವಲ್ಪ ನಗಿ ಅಂದ.

ನಮ್ಮ ಕಡೆ ಉಂಡ ಎಲೆಯನ್ನು ತಮ್ಮತ್ತ ಮಡಚುತ್ತಾರೆ, ಇಂಥ ಊಟ ಮತ್ತೆ ಬರಲಿ ಎಂದು. ಆಚೆ ಮಡಚುವುದು ಸಾವಿನ ಊಟದಲ್ಲಿ ಮಾತ್ರ, ಮತ್ತೆ ಬಾರದಿರಲಿ ಎಂದು. ಸುಂಕಮ್ಮನ ಕೈ ತಾನುಂಡ ಎಲೆಯ ಅಂಚಿಗೆ ಹೋಗಿ ನಿಂತಿತು. ತನ್ನ ಸಿಟ್ಟಿಗೆ ಕೂಸು ಬಿಸಿಲಿಗೆ ಬೀಳಬೇಕೇ?

ಪಕ್ಕದಲ್ಲಿ ಶಿವಲಕ್ಷ್ಮಿ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಇನ್ನೊಂದು ಕೈಯಿಂದ ತನ್ನ ಎಲೆಯನ್ನು ಆಚೆ ಮಡಚಿದಳು.

“ಗುಂಟೂರಿಗೆ ಕೂಸು ಕಟ್ಟಿಕೊಂಡೇ ಹೋಗ್ತೀನಿ. ನಡೀರಿ ಅತ್ತೀ.”