ಇಳಿಜಾರಿನ ಫ್ಯಾನು

ನಮ್ಮ ನೆರೆಮನೆಯವರು ಬೊಂಬಾಯಿಗೆ ಹಂಚು ಸಾಗಿಸುವ ಲಾರಿಯ ಡ್ರೈವರು. ಏನು ಕೊಂಡರೂ ಗಲ್ಲ ಕೆರೆಯುತ್ತ ನನ್ನಲ್ಲಿಗೆ ಬರುವರು: "ಲಾಭ ಉಂಟಾ ಇಲ್ವಾ, ನೀವೇ ಹೇಳಿ ಮಾಷ್ಟ್ರೆ." ವಿಜ್ಞಾನ ಕಲಿಸುವವನಿಗೆ ಎಲ್ಲ ಗೊತ್ತೆಂದು ಅವರ ನಂಬಿಕೆ.

ಎಪ್ಪತ್ತರ ದಶಕದ ಕೊನೆಗೆ, ತೂಕಡಿಸಿ ಲಾರಿಯನ್ನು ಚರಂಡಿಗೆ ಇಳಿಸಿದ ಮೇಲೆ, ಹಗಲು ನಿದ್ರೆಗೆಂದು ಕ್ಯಾಬಿನ್ನಿಗೊಂದು ಬ್ಯಾಟರಿ ಫ್ಯಾನು ಹಾಕಿಸಿದರು. ಎಂಜಿನ್ ನಿಲ್ಲಿಸಿದರೂ ತಿರುಗುತ್ತದೆ, ಡೀಸೆಲ್ ಉಳಿಯುತ್ತದೆ. ಲಾಭ ಉಂಟೆಂದು ನಾನೇ ಹೇಳಿದ್ದೆ.

ವಾರದ ನಂತರ, ಉರಿಬಿಸಿಲಿನ ಮಧ್ಯಾಹ್ನ, ನಾನು ಶಾಲೆಯಿಂದ ಬರುವಾಗ ಕದ್ರಿ ಗುಡ್ಡದ ಇಳಿಜಾರಿನಲ್ಲಿ ಲಾರಿ ನಿಂತಿತ್ತು. ಫ್ಯಾನು ತಿರುಗುತ್ತಿತ್ತು. ಅವರು ಮಾತ್ರ ಬ್ರೇಕಿನ ಮೇಲೆ ಕಾಲಿಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು.

"ಇಲ್ಲಿ ಯಾಕೆ ನಿಲ್ಲಿಸಿದ್ದು?"

"ಫ್ಯಾನಿಂದ ಬ್ಯಾಟರಿ ಇಳಿದ್ರೆ ಲಾರಿ ಉರುಳಿಸಿಯೇ ಸ್ಟಾರ್ಟ್ ಮಾಡ್ಬೇಕಲ್ಲ."

"ಚಕ್ರಕ್ಕೆ ಕಲ್ಲು ಇಟ್ಟು ಮಲಗಿ."

"ಇಟ್ಟಿದ್ದೇನೆ. ಹ್ಯಾಂಡ್ ಬ್ರೇಕ್ ಹಾಳು, ಕಲ್ಲು ಜಾರಿದ್ರೆ?"

"ಹಾಗಾದ್ರೆ ಫ್ಯಾನು ಎಂತಕ್ಕೆ ಮಾರಾಯ್ರೆ?"

"ನಿದ್ರೆಗೆ!"

ಅವರು ಗಲ್ಲ ಕೆರೆಯತೊಡಗಿದರು. ಆ ಲಾಭದ ಪ್ರಶ್ನೆ ಬರುವ ಮೊದಲೇ ನಾನು ಲಾರಿ ಹತ್ತಿ ಬ್ರೇಕಿನ ಮೇಲೆ ಕಾಲಿಟ್ಟೆ. ಅವರು ಸೀಟಿನ ಹಿಂದಿನ ಹಲಗೆಯ ಮೇಲೆ ಒರಗಿದವರೇ ಗೊರಕೆ ಹೊಡೆದರು, ಮೈಯೆಲ್ಲ ಬೆವರು.

ಫ್ಯಾನಿನ ಗಾಳಿ ಪೂರ್ತಿ ನನಗೇ ಬೀಸುತ್ತಿತ್ತು.