ಹದಿನಾಲ್ಕನೇ ಖಾನೆಯ ನಂಬರು

ಗಂಗಾನಗರದ ಆ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಚಂದ್ರವ್ವ ಹನ್ನೊಂದು ವರ್ಷ ಗಿರಾಕಿಗಳ ಚೀಲ ಕಾದಳು. ಗದಗಿನ ಕಡೆಯ ಹೆಂಗಸು. ಗಂಡ ಫಕೀರಪ್ಪ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಬಿಲ್ಲೆ ಕೊಟ್ಟು ಚೀಲ ತಗೊಳ್ಳೋದು, ಬಿಲ್ಲೆ ತಗೊಂಡು ಚೀಲ ಕೊಡೋದು. ಅಷ್ಟು ವರ್ಷದಲ್ಲಿ ಒಂದು ಕೊತ್ತಂಬರಿ ಕಟ್ಟೂ ಅದಲುಬದಲಾಗಿರಲಿಲ್ಲ.

ಹೋದ ವರ್ಷ ಬಂತು ನೋಡಿ ಆ ಹಾಳು ಯಂತ್ರ! ಇಪ್ಪತ್ನಾಲ್ಕು ಖಾನೆಯ ಕಬ್ಬಿಣದ ಬೀರು. ಚೀಲ ಇಟ್ಟು ನಿಮ್ಮದೇ ನಾಲ್ಕು ಅಂಕಿ ಒತ್ತಬೇಕು, ಮತ್ತೆ ಅದೇ ಅಂಕಿ ಒತ್ತಿದರೇ ಬಾಗಿಲು ತೆಗೆಯೋದು. ‘ನಂಬರ್ ಯಾರಿಗೂ ಹೇಳಬೇಡಿ’ ಅಂತ ಬೋರ್ಡು ಬೇರೆ. ನಮ್ಮ ಜನ ಏನು ಮಾಡಿದರು? ಆ ಬೋರ್ಡಿನ ಕೆಳಗೇ ನಿಂತು, “ಚಂದ್ರವ್ವಾ, ನೆನಪಿಟ್ಕೋ, ನಾನ್ ಮರ್ತ್‌ಬಿಡ್ತೀನಿ” ಅಂತ ಕೂಗಿ ಹೇಳಿದರು. ಚೀಲ ಅಂದರೆ ಚಂದ್ರವ್ವ, ಅಷ್ಟೇ ಅವರಿಗೆ ಗೊತ್ತು. ರಿಟೈರ್ಡ್ ಮೇಷ್ಟ್ರು ನರಸಿಂಹಯ್ಯನವರದ್ದು ಒಂದು ಎರಡು ಮೂರು ನಾಲ್ಕು. ಪಕ್ಕದ ಬೀದಿಯ ಶಹರ್ಬಾನುವಿನದು ಮಗಳು ಅತೀಯಾ ಹುಟ್ಟಿದ ತಾರೀಕು. ಅವಳಂತೂ ಯಂತ್ರ ಮುಟ್ಟಿದವಳೇ ಅಲ್ಲ. “ನೀನೇ ಒತ್ತಮ್ಮ” ಅನ್ನೋಳು.

ಕಳೆದ ಗುರುವಾರ ಶಹರ್ಬಾನು ಬೆಳಿಗ್ಗೆಯೇ ಚೀಲ ಇಟ್ಟು ಬ್ಯಾಂಕಿಗೆ ಹೋದಳು. ಒಂದು ಗಂಟೆಗೆ ವಾಪಸು ಬಂದು ತೆಗೆಸಿದರೆ ಹದಿನಾಲ್ಕನೇ ಖಾನೆ ಖಾಲಿ! ಗಂಡ ಸರ್ದಾರನ ಹಾರ್ಟಿನ ರಿಪೋರ್ಟುಗಳೆಲ್ಲ ಆ ಚೀಲದಲ್ಲಿದ್ದವು. ಮಾರನೇ ದಿನವೇ ಡಾಕ್ಟರಿಗೆ ತೋರಿಸಬೇಕಿತ್ತು. ಅವಳು ಅಂಗಡಿಗೆಲ್ಲ ಕೇಳೋ ಹಾಗೆ ಕೂಗಿಕೊಂಡಳು.

ಮ್ಯಾನೇಜರ್ ಸಂಗಮೇಶ ಓಡಿ ಬಂದ. ಇವನೂ ಆ ಕಡೆಯವನೇ, ಕೊಪ್ಪಳದವ. ದಿನಾ ಮಧ್ಯಾಹ್ನ ‘ಅವ್ವಾ’ ಅಂತ ಹಲ್ಲು ಕಿರಿದು ಚಂದ್ರವ್ವನ ರೊಟ್ಟಿ ತಿನ್ನೋ ಮನುಷ್ಯ. ಅವನೇ ಎಲ್ಲರೆದುರು ಕೇಳಿದ, “ನಂಬರ್ ನಿನಗ ಬಿಟ್ಟು ಇನ್ಯಾರಿಗ ಗೊತ್ತೈತಿ? ನಿನ್ನ ಚೀಲ ತೋರ್ಸು.” ಥೂ, ಅವನ ಬಾಯಿಗೆ!

ಚಂದ್ರವ್ವ ಚೀಲವನ್ನು ಕೌಂಟರಿನ ಮೇಲೆ ಬೋರಲು ಹಾಕಿದಳು. “ನೋಡಪಾ. ನಿನ್ನ ಪಾಲಿನ ರೊಟ್ಟಿನೂ ಅದರಾಗ ಅದಾವ.” ಹನ್ನೊಂದು ವರ್ಷದ ಹೆಸರು ಒಂದೇ ಗಳಿಗೆಯಲ್ಲಿ ಹೋಗುವ ಹಾಗಿತ್ತು. ಆಮೇಲೆ ಬೀರಿನ ಹತ್ತಿರ ಹೋಗಿ ನಾಲ್ಕು ಸೊನ್ನೆ ಒತ್ತಿದಳು. ಇಪ್ಪತ್ನಾಲ್ಕೂ ಬಾಗಿಲು ದಡದಡ ತೆರೆದುಕೊಂಡವು! ಯಂತ್ರ ಬಂದ ದಿನ ಇದೇ ಸಂಗಮೇಶ ಆ ಮಾಸ್ಟರ್ ನಂಬರನ್ನು ಅಂಗಡಿ ತುಂಬಾ ಕೇಳೋ ಹಾಗೆ ಕಿರುಚಿ ಹೇಳಿದ್ದ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಬಿಟ್ಟಿದ್ದ. ತರಕಾರಿ ತೂಗೋರಿಂದ ನೆಲ ಒರೆಸೋರ ತನಕ ಎಲ್ಲರಿಗೂ ಗೊತ್ತಿತ್ತು.

“ಮೇಷ್ಟ್ರೇ, ಇದರಾಗ ಬರದದ್ದು ಓದ್ರಿ,” ಅಂದಳು. ಗುಂಪಿನಲ್ಲಿ ನಿಂತಿದ್ದ ನರಸಿಂಹಯ್ಯ ಕನ್ನಡಕ ಸರಿಮಾಡಿಕೊಂಡು ಯಂತ್ರದ ಪರದೆ ಓದಿದರು: ಹನ್ನೆರಡೂವರೆಗೆ, ಹದಿನಾಲ್ಕನೆಯದೂ ಸೇರಿ ಎಲ್ಲ ಖಾನೆ, ಮಾಸ್ಟರ್ ನಂಬರಿನಿಂದ. ಆ ಹೊತ್ತಿಗೆ ಚಂದ್ರವ್ವ ಮಹಡಿ ಮೇಲೆ ಎಲ್ಲರ ಜೊತೆ ಊಟಕ್ಕೆ ಕೂತಿದ್ದಳು.

ಸಂಗಮೇಶ ತಲೆ ಕೆರೆದುಕೊಂಡ. “ಅಯ್ಯೋ, ಹೆಡ್ಡಾಫೀಸಿನವರು ಬರ್ತಾರಂತ ಬೆಳಿಗ್ಗೆಯಿಂದ ಮುಚ್ಚಿದ್ದ ಖಾನೆ ನಾನೇ ಖಾಲಿ ಮಾಡ್ಸಿದ್ದೆ, ಮರೆತೇಬಿಟ್ಟೆ ನೋಡ್ರಿ.” ಚೀಲ ಗೋಡೌನಿನಲ್ಲಿ ಫಿನೈಲ್ ಡಬ್ಬಗಳ ಹಿಂದೆ ಬಿದ್ದಿತ್ತು. “ಸಿಕ್ತಲ್ಲ, ಹೋಗ್ರಿ ಹೋಗ್ರಿ” ಅಂದ. ತಪ್ಪಾಯ್ತು ಅನ್ನೋ ಒಂದು ಮಾತಿಲ್ಲ. ಮತ್ತೆ ಮೂರು ಗಂಟೆಗೆ ಬಂದು ರೊಟ್ಟಿ ಕೇಳಿದ! ಚಂದ್ರವ್ವ ಡಬ್ಬಿ ತೆಗೆದುಕೊಂಡು ಹೋಗಿ ರಸ್ತೆಯ ದನಕ್ಕೆ ಹಾಕಿ ಬಂದಳು.

ಸೋಮವಾರ ಶಹರ್ಬಾನು ಬಂದಳು. ಸರ್ದಾರನಿಗೆ ಪರವಾಗಿಲ್ಲವಂತೆ, ನಗುನಗುತ್ತಾ ಹೇಳಿದಳು. ಚಂದ್ರವ್ವ ಅಭ್ಯಾಸಬಲದಿಂದ ಎದ್ದು ಬೀರಿನ ಕಡೆ ಕೈ ಚಾಚಿದಳು.

“ಬೇಡಮ್ಮ, ನಾನೇ ಒತ್ಕೋತೀನಿ,” ಅಂದಳು ಶಹರ್ಬಾನು. ಚಂದ್ರವ್ವನಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ, ದುಪಟ್ಟದ ಅಂಚಿನಿಂದ ಗುಂಡಿಗಳನ್ನು ಮುಚ್ಚಿಕೊಂಡು, ನಾಲ್ಕು ಹೊಸ ಅಂಕಿ ಒತ್ತಿದಳು.

ನಾಲ್ಕು ಸೊನ್ನೆ ಮಾತ್ರ ಇವತ್ತಿಗೂ ಹಾಗೇ ಇದೆ.